‘ಸೂಕ್ತ ಸ್ಥಳ’ ಎಲ್ಲಿದೆ?

ನಗರಸಭೆಯ ನಡಾವಳಿ ಪುಸ್ತಕದಲ್ಲಿ ಹೀಗೊಂದು ಸಾಲಿದೆ: ‘ಬಡಾವಣೆಯಲ್ಲಿ ಹಾವಳಿ ಮಾಡುತ್ತಿರುವ ಕೋತಿಗಳನ್ನು ಹಿಡಿಸಿ, ಸೂಕ್ತ ಸ್ಥಳಕ್ಕೆ ಬಿಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.’ ಆ ಸಭೆಯಲ್ಲಿ ನಾನೂ ಇದ್ದೆ. ಸಾರ್ವಜನಿಕರ ಸಾಲಿನಲ್ಲಿ ಕುಳಿತವರೂ ಒಪ್ಪಿಗೆಯಿದ್ದರೆ ಕೈ ಎತ್ತಿ ಎಂದರು, ಎತ್ತಿದೆ. ಆ ಹೊತ್ತಿಗೆ ಮನಸ್ಸಿಗೆ ಎಷ್ಟು ಹಗುರವೆನಿಸಿತ್ತು ಎಂಬುದು ಈಗಲೂ ನೆನಪಿದೆ. ವರ್ಷ ಕಳೆದ ಮೇಲೆ ಅದೇ ಸಾಲನ್ನು ಮತ್ತೆ ಓದಿದಾಗ ಕಣ್ಣು ‘ಸೂಕ್ತ’ ಎಂಬ ಒಂದೇ ಪದದ ಮೇಲೆ ನಿಂತುಬಿಟ್ಟಿತು. ಸೂಕ್ತ ಎಂದರೆ ಯಾವುದು? ಅಲ್ಲಿ ಯಾರಿದ್ದಾರೆ? ಅವರನ್ನು ಯಾರಾದರೂ ಕೇಳಿದ್ದೆವೇ?

ಸಭೆ ನಡೆದ ದಿನ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ರಸ್ತೆ, ಚರಂಡಿ, ನೀರಿನ ವಿಷಯಕ್ಕೆ ಕರೆದ ಸಭೆಗಳಿಗೆ ಇಷ್ಟು ಮಂದಿ ಬಂದದ್ದನ್ನು ನಾನು ಕಂಡಿಲ್ಲ. ಮೊದಲು ಎದ್ದವರು ಒಬ್ಬ ತಾಯಿ. ಮಗಳನ್ನು ಪಕ್ಕಕ್ಕೆ ಕರೆದು, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈ ಕೆಳಗೆ ಮಾಗುತ್ತಿದ್ದ ನಾಲ್ಕು ಗೀರುಗಳನ್ನು ಎಲ್ಲರಿಗೂ ತೋರಿಸಿದರು. ಮಗು ಬಿಸ್ಕತ್ತಿನ ಪೊಟ್ಟಣ ಹಿಡಿದು ಗೇಟಿನ ಹತ್ತಿರ ನಿಂತಿತ್ತಂತೆ, ಅಷ್ಟೇ. ಆಮೇಲೆ ಚುಚ್ಚುಮದ್ದಿಗೆಂದು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆದಾಟ. ‘ಈಗ ಇವಳು ಒಬ್ಬಳೇ ಅಂಗಳಕ್ಕೂ ಇಳಿಯುವುದಿಲ್ಲ’ ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಿತ್ತು. ಅವರ ನಂತರ ಛಾವಣಿಯ ಹೆಂಚು ಒಡೆದವರು, ನೀರಿನ ತೊಟ್ಟಿಯ ಪೈಪು ಮುರಿದವರು, ಮೆಟ್ಟಿಲ ಮೇಲೆ ಗಡವ ಕೋತಿ ಎದುರಾಗಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯ ಮಗ, ಹೀಗೆ ಒಬ್ಬೊಬ್ಬರಾಗಿ ಮಾತನಾಡಿದರು.

ಇನ್ನೊಂದು ಬದಿಯಲ್ಲಿ ಕುಳಿತವರೂ ಸುಮ್ಮನಿರಲಿಲ್ಲ. ಅವು ಇದ್ದ ಜಾಗಕ್ಕೆ ನಾವು ಬಂದು ಮನೆ ಕಟ್ಟಿದ್ದೇವೆ, ಮರ ಕಡಿದವರು ನಾವು, ಈಗ ಹಾವಳಿ ಅವುಗಳದ್ದು ಎನ್ನುವುದು ನ್ಯಾಯವೇ ಎಂದು ಕೇಳಿದರು. ‘ಹಾಗಾದರೆ ನಿಮ್ಮ ಮನೆಯಲ್ಲೇ ಸಾಕಿಕೊಳ್ಳಿ’ ಎಂದು ಹಿಂದಿನಿಂದ ಒಬ್ಬರು ಕೂಗಿದರು. ಮಾತಿಗೆ ಮಾತು ಬೆಳೆಯಿತು. ಕೊಂದುಬಿಡಿ ಎಂದವರು ಇದ್ದರು, ಕೈ ಮುಟ್ಟಿದರೆ ನ್ಯಾಯಾಲಯಕ್ಕೆ ಹೋಗುತ್ತೇವೆ ಎಂದವರೂ ಇದ್ದರು. ಆಗ ಒಬ್ಬ ಸದಸ್ಯರು ಎದ್ದು ನಿಂತು, ‘ಕೊಲ್ಲುವುದೂ ಬೇಡ, ಇಲ್ಲಿ ಇಟ್ಟುಕೊಳ್ಳುವುದೂ ಬೇಡ. ಹಿಡಿದು ದೂರದ ಕಾಡಿಗೆ ಬಿಟ್ಟುಬಿಡೋಣ’ ಎಂದರು. ಎರಡೂ ಬದಿಯಿಂದ ಚಪ್ಪಾಳೆ ಬಿತ್ತು. ಅರ್ಧ ಗಂಟೆ ಕಾಲ ಒಬ್ಬರ ಮುಖ ಒಬ್ಬರು ನೋಡದೆ ಜಗಳವಾಡಿದ್ದವರು ಹೊರಗೆ ಬಂದು ಒಟ್ಟಿಗೆ ಚಹಾ ಕುಡಿದರು.

ಆ ಚಪ್ಪಾಳೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕೊಲ್ಲುವುದಾದರೆ ರಕ್ತ ನೋಡಬೇಕು. ಇಟ್ಟುಕೊಳ್ಳುವುದಾದರೆ ಮಗುವಿನ ಕೈಯ ಗೀರು ನೋಡಬೇಕು. ಸಾಗಿಸುವುದಾದರೆ ಏನನ್ನೂ ನೋಡಬೇಕಾಗಿಲ್ಲ. ನೋವು ವಾಹನ ಹತ್ತಿ ಹೋಗುತ್ತದೆ, ತಿರುವಿನಲ್ಲಿ ಕಣ್ಮರೆಯಾಗುತ್ತದೆ. ಪ್ರಾಣಿಯನ್ನು ಪ್ರೀತಿಸುವವರಿಗೂ ಅದನ್ನು ಕಂಡರೆ ಆಗದವರಿಗೂ ಒಟ್ಟಿಗೆ ಒಪ್ಪಿಗೆಯಾಗುವ ಉಪಾಯ ಇದೊಂದೇ. ಇಬ್ಬರೂ ಒಂದೇ ಸುಳ್ಳನ್ನು ನಂಬಿದ್ದರಿಂದ ಆ ಒಪ್ಪಿಗೆ ಹುಟ್ಟಿತು ಎಂದು ನನಗೆ ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು.

ಹಿಡಿಯುವವರು ಬಂದ ದಿನ ನಾನು ನೋಡಲು ಹೋದೆ. ಖಾಲಿ ನಿವೇಶನದಲ್ಲಿ ಕಬ್ಬಿಣದ ಜಾಲರಿಯ ದೊಡ್ಡ ಬೋನು ಇಟ್ಟಿದ್ದರು, ಒಳಗೆ ಹಣ್ಣು ಚೆಲ್ಲಿದ್ದರು. ಎರಡು ದಿನ ಬಾಗಿಲು ತೆರೆದೇ ಇತ್ತು; ಕೋತಿಗಳು ಧೈರ್ಯವಾಗಿ ಒಳಹೊಕ್ಕು ತಿಂದು ಹೋಗುತ್ತಿದ್ದವು. ಮೂರನೆಯ ದಿನ ದೂರದಲ್ಲಿ ಕುಳಿತವನು ಹಗ್ಗ ಎಳೆದ. ಬಾಗಿಲು ಬಿದ್ದ ಸದ್ದಿಗೆ ಮರದ ಮೇಲಿದ್ದವೆಲ್ಲ ಒಮ್ಮೆಲೇ ಕಿರುಚಿದವು. ಒಳಗೆ ಹದಿನಾಲ್ಕಿದ್ದವು. ಹತ್ತಿರ ಹೋದೆ. ಒಂದು ಹೆಣ್ಣು ಜಾಲರಿಯ ಹೊರಗೆ ಕೈ ಚಾಚಿ ನೆಲವನ್ನು ತಡಕುತ್ತಿತ್ತು. ಅಂಗೈ ಕಪ್ಪು, ಮಡಿಕೆಗಳು ತುಂಬಿದ್ದು, ಉಗುರುಗಳ ಅಂಚಿನಲ್ಲಿ ಮಣ್ಣು. ಹೊಲದಲ್ಲಿ ಕಳೆ ಕಿತ್ತು ಬಂದ ಹೆಂಗಸಿನ ಕೈಯನ್ನೇ ಕಂಡಂತಾಯಿತು. ಅದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಇಷ್ಟೆಲ್ಲದರ ನಡುವೆಯೂ ಆ ಮರಿಯ ಕೆನ್ನೆ ಉಬ್ಬಿಕೊಂಡೇ ಇತ್ತು. ಈ ಜಾತಿಯ ಕೋತಿಗಳಿಗೆ ಕೆನ್ನೆಯೊಳಗೆ ಚೀಲವಿರುತ್ತದೆ; ಸಿಕ್ಕಿದ್ದನ್ನು ಕ್ಷಣದಲ್ಲಿ ತುಂಬಿಕೊಂಡು, ಆಮೇಲೆ ಸುರಕ್ಷಿತ ಜಾಗದಲ್ಲಿ ಕುಳಿತು ಅಗಿಯುತ್ತವೆ. ಮರಿ ಆ ಸುರಕ್ಷಿತ ಜಾಗಕ್ಕಾಗಿ ಕಾಯುತ್ತಿದ್ದಂತಿತ್ತು.

‘ಎಲ್ಲಿಗೆ ಬಿಡುತ್ತೀರಿ?’ ಎಂದು ವಾಹನದ ಚಾಲಕನನ್ನು ಕೇಳಿದೆ.

‘ಕಾಡಿನ ಕಡೆಗೆ ಸರ್. ರಸ್ತೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ.’

ರಸ್ತೆ ಇರುವವರೆಗೆ ಎಂದರೆ ಊರು ಇರುವವರೆಗೆ. ರಸ್ತೆಯ ಕೊನೆಯಲ್ಲಿ ಯಾವಾಗಲೂ ಒಂದು ಊರಿರುತ್ತದೆ. ಸಾಮಾನ್ಯವಾಗಿ ಅದು ನಮ್ಮದಕ್ಕಿಂತ ಬಡ ಊರು, ಅದರ ಪರವಾಗಿ ನಮ್ಮ ಸಭೆಯಲ್ಲಿ ಎದ್ದು ನಿಲ್ಲುವವರು ಯಾರೂ ಇರುವುದಿಲ್ಲ.

ಕೆಲವು ವಾರಗಳ ನಂತರ ಬೇರೆ ಕೆಲಸದ ಮೇಲೆ ಆ ದಾರಿಯಲ್ಲಿ ಹೋಗಬೇಕಾಗಿ ಬಂತು. ಕೊನೆಯ ಊರಿನಲ್ಲಿ ಇಳಿದೆ. ಒಬ್ಬ ಹೆಂಗಸು ಹಿತ್ತಲಿನ ಬೇಲಿಯ ಹತ್ತಿರ ಖಾಲಿ ಡಬ್ಬಿ ಮತ್ತು ಕೋಲು ಹಿಡಿದು ಕುಳಿತಿದ್ದರು. ‘ಕೋತಿ ಕಾಯುತ್ತಿದ್ದೀರಾ ಅಮ್ಮ?’ ಎಂದೆ. ‘ಮೊದಲು ಇಲ್ಲಿ ಕೋತಿ ಇರಲಿಲ್ಲ ಎಂದಲ್ಲ. ಇದ್ದವು, ಮನುಷ್ಯರನ್ನು ಕಂಡರೆ ಓಡುತ್ತಿದ್ದವು. ಈಗ ಬಂದಿರುವುದು ಪೇಟೆಯ ಕೋತಿಗಳು. ಇವಕ್ಕೆ ಬಾಗಿಲಿನ ಚಿಲಕ ತೆಗೆಯಲು ಬರುತ್ತದೆ’ ಎಂದರು. ಚಿಲಕ ತೆಗೆಯುವುದನ್ನು ಅವು ಎಲ್ಲಿ ಕಲಿತವೋ ನನಗೆ ಗೊತ್ತಿತ್ತು. ನಮ್ಮ ಅಡುಗೆಮನೆಯ ಹಿಂಬಾಗಿಲಿನಲ್ಲಿ. ನಾನು ಎಲ್ಲಿಂದ ಬಂದವನು ಎಂದು ಅವರಿಗೆ ಹೇಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಈ ಬರಹ ಹುಟ್ಟಿದ್ದೇ ಅದರಿಂದ.

ಮನೆಗೆ ಬಂದು ಓದತೊಡಗಿದೆ. ಬೇರೆ ಕಡೆಯವರು ಇದನ್ನು ಹೇಗೆ ಎದುರಿಸಿದರು ಎಂದು ಹುಡುಕಿದಷ್ಟೂ ಒಂದೇ ಕಥೆ ಬೇರೆ ಬೇರೆ ಪ್ರಾಣಿಯ ಹೆಸರಿನಲ್ಲಿ ಸಿಗುತ್ತಾ ಹೋಯಿತು. ಮಹಾರಾಷ್ಟ್ರದ ಜುನ್ನರಿನ ಚಿರತೆಗಳ ಕಥೆ ನನ್ನನ್ನು ಬಹಳ ಅಲುಗಾಡಿಸಿತು. ಕಬ್ಬಿನ ಗದ್ದೆಗಳ ನಡುವೆ, ಜನರ ಮಧ್ಯೆಯೇ ಬದುಕಿಕೊಂಡಿದ್ದ ಚಿರತೆಗಳನ್ನು 2001ರಿಂದ ಸೆರೆಹಿಡಿದು ಕಾಡುಗಳಿಗೆ ಬಿಡುವ ಕೆಲಸ ದೊಡ್ಡದಾಗಿ ನಡೆಯಿತು. ಕಡಿಮೆಯಾಗಬೇಕಿದ್ದ ದಾಳಿಗಳು ಏರಿದವು. ಮೊದಲು ವರ್ಷಕ್ಕೆ ಸರಾಸರಿ ನಾಲ್ಕು ಇದ್ದದ್ದು ಹದಿನೇಳರ ಹತ್ತಿರಕ್ಕೆ ಹೋಯಿತು. ಚಿರತೆಗಳನ್ನು ಬಿಟ್ಟ ಕಾಡುಗಳ ಅಂಚಿನಲ್ಲೂ, ಅಲ್ಲಿಯವರೆಗೆ ಇಂಥದ್ದನ್ನು ಕಾಣದ ಊರುಗಳಲ್ಲೂ ಜನರ ಮೇಲೆ ದಾಳಿ ಶುರುವಾಯಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಬಾವಿಗೆ ಬಿದ್ದು ಸಿಕ್ಕ ಒಂದು ಗಂಡು ಚಿರತೆಯ ಕೊರಳಿಗೆ ಜಾಡು ತಿಳಿಸುವ ಪಟ್ಟಿ ಹಾಕಿ 2009ರಲ್ಲಿ ಘಟ್ಟದ ಕಾಡಿಗೆ ಬಿಟ್ಟಾಗ, ಅದು ಸುಮ್ಮನೆ ಅಲ್ಲಿ ನಿಲ್ಲದೆ ನೂರು ಕಿಲೋಮೀಟರಿಗೂ ಹೆಚ್ಚು ನಡೆದು ಮುಂಬೈ ಅಂಚಿನ ಕಾಡು ಸೇರಿತು. ನಾವು ಬಿಟ್ಟ ಕಡೆ ಅದು ಇರುತ್ತದೆ ಎಂಬುದು ನಮ್ಮ ನಂಬಿಕೆ. ಅದಕ್ಕೆ ತನ್ನದೇ ಲೆಕ್ಕವಿದೆ.

ಚಿರತೆಯದು ದೊಡ್ಡ ಮಾತಾಯಿತು. ಅಳಿಲಿನಂಥ ಪುಟ್ಟ ಪ್ರಾಣಿಯ ಗತಿ ಏನಾಗುತ್ತದೆ? ಅಮೆರಿಕದ ಮೇರಿಲ್ಯಾಂಡಿನಲ್ಲಿ, ಮನೆಗಳ ಸುತ್ತ ಬದುಕಿದ್ದ 38 ಬೂದು ಅಳಿಲುಗಳಿಗೆ ರೇಡಿಯೋ ಪಟ್ಟಿ ಕಟ್ಟಿ ವಿಶಾಲವಾದ ಕಾಡಿಗೆ ಬಿಟ್ಟು ನೋಡಿದರು. ಮೂರು ತಿಂಗಳೊಳಗೆ ಹೆಚ್ಚುಕಡಿಮೆ ಎಲ್ಲವೂ ಸತ್ತವು ಅಥವಾ ಕಾಣೆಯಾದವು. ಕಾಡು ಎಂದರೆ ನಮ್ಮ ಕಣ್ಣಿಗೆ ಹಸಿರು ಸ್ವರ್ಗ. ಅಲ್ಲಿನ ಪ್ರತಿ ಮರಕ್ಕೂ ಆಗಲೇ ಒಬ್ಬ ಯಜಮಾನನಿದ್ದಾನೆ. ಹೊಸದಾಗಿ ಬಂದ ಪ್ರಾಣಿಗೆ ನೀರೆಲ್ಲಿ, ಗೂಡೆಲ್ಲಿ, ಶತ್ರು ಯಾವ ದಿಕ್ಕಿನಿಂದ ಬರುತ್ತದೆ ಎಂಬುದೊಂದೂ ತಿಳಿಯದು. ಮನೆಯೊಳಗಿನ ಇಲಿಯನ್ನು ಬೋನಿನಲ್ಲಿ ಹಿಡಿದು ಬಯಲಿಗೆ ಬಿಟ್ಟು ಬರುವ ನನ್ನ ಹಳೆಯ ಅಭ್ಯಾಸವೂ ಇದನ್ನು ಓದಿದ ಮೇಲೆ ನಿಂತಿತು.

ಪ್ರಾಣಿಯ ಜೊತೆಗೆ ಅದರ ರೋಗವೂ ಸಾಗುತ್ತದೆ ಎಂಬುದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಅಮೆರಿಕದ ಆಗ್ನೇಯ ಭಾಗದ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳಲ್ಲಿ ಮಾತ್ರ ಇದ್ದ ರೇಬೀಸ್‌ನ ಒಂದು ಬಗೆ 1970ರ ದಶಕದ ಕೊನೆಯಲ್ಲಿ ಒಮ್ಮೆಲೇ ನೂರಾರು ಮೈಲಿ ಉತ್ತರಕ್ಕೆ, ವೆಸ್ಟ್ ವರ್ಜೀನಿಯಾದ ಕಡೆ ಕಾಣಿಸಿಕೊಂಡಿತು. ಬೇಟೆಯ ಖುಷಿಗೆಂದು ದಕ್ಷಿಣದಿಂದ ರಕೂನ್‌ಗಳನ್ನು ತಂದು ಬಿಟ್ಟದ್ದೇ ಕಾರಣ ಎಂದು ತಜ್ಞರು ಕಂಡುಕೊಂಡರು. ಅಲ್ಲಿಂದ ಅದು ಪೂರ್ವ ಕರಾವಳಿಯುದ್ದಕ್ಕೂ ಹರಡಿತು. ಅದನ್ನು ತಡೆಯಲು ಕಾಡುಮೇಡುಗಳಲ್ಲಿ ಲಸಿಕೆ ತುಂಬಿದ ಆಹಾರವನ್ನು ಇಂದಿಗೂ ಚೆಲ್ಲುತ್ತಿದ್ದಾರೆ. ಒಂದು ಲಾರಿಯಲ್ಲಿ ಹೋದದ್ದನ್ನು ಹಿಂದಕ್ಕೆ ತರಲು ಎರಡು ತಲೆಮಾರು ಹೆಣಗುತ್ತಿವೆ.

ದಿಲ್ಲಿಯ ಕಥೆ ನಮಗೆಲ್ಲ ಅಷ್ಟಿಷ್ಟು ಗೊತ್ತು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಉಪಮೇಯರ್ ಎಸ್. ಎಸ್. ಬಾಜ್ವಾ ಅವರು ಮನೆಯ ಬಾಲ್ಕನಿಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ಅದೇ ವರ್ಷ ಹೈಕೋರ್ಟ್ ಕೋತಿಗಳನ್ನು ಹಿಡಿದು ನಗರದಂಚಿನ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಿ, ಅಲ್ಲಿ ಆಹಾರ ಕೊಡಬೇಕೆಂದು ಹೇಳಿತ್ತು. ಸಾವಿರಾರು ಕೋತಿಗಳು ಸಾಗಿದವು. ಅಭಯಾರಣ್ಯದ ಪಕ್ಕದ ಬಡವರ ಬಡಾವಣೆಗಳಿಂದ ದೂರುಗಳು ಬರತೊಡಗಿದವು. ನಗರದ ನಡುವೆ ಕೋತಿಗಳೇನೂ ಇಲ್ಲವಾಗಲಿಲ್ಲ. 2023ರಲ್ಲಿ ಜಿ20 ಶೃಂಗಸಭೆ ನಡೆದಾಗ ಅತಿಥಿಗಳು ಹಾದು ಹೋಗುವ ದಾರಿಗಳಲ್ಲಿ ಮುಸಿಯಗಳ ಆಳೆತ್ತರದ ಚಿತ್ರಫಲಕ ನಿಲ್ಲಿಸಿ ಕೋತಿಗಳನ್ನು ಹೆದರಿಸಬೇಕಾಯಿತು. ಹದಿನಾರು ವರ್ಷ ಸಾಗಿಸಿದ ಮೇಲಿನ ಸ್ಥಿತಿ ಅದು.

ಅಲ್ಲಿನ ಇನ್ನೊಂದು ಜಗಳ ನಮ್ಮ ಸಭೆಯಲ್ಲೂ ಹಾಗೆಯೇ ನಡೆಯಿತು. ಕೋತಿ ವನ್ಯಜೀವಿ, ಆದ್ದರಿಂದ ಅರಣ್ಯ ಇಲಾಖೆಯ ಕೆಲಸ ಎಂದರು ನಗರಾಡಳಿತದವರು. ಅದು ಬದುಕುತ್ತಿರುವುದು ನಿಮ್ಮ ಕಸದ ಮೇಲೆ, ಆದ್ದರಿಂದ ನಿಮ್ಮ ಕೆಲಸ ಎಂದರು ಇಲಾಖೆಯವರು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಬರುವುದರೊಳಗೆ ಎರಡು ಮರಿಗಾಲ ಮುಗಿದಿತ್ತು.

ನಮ್ಮ ಬಡಾವಣೆಯಲ್ಲಿ ಹಿಡಿಸಿದ ನಂತರ ಏನಾಯಿತು ಎಂಬುದನ್ನು ಹೇಳಬೇಕು. ಮೊದಲ ಒಂದು ತಿಂಗಳು ಶಾಂತಿ. ಮಕ್ಕಳು ಅಂಗಳಕ್ಕೆ ಇಳಿದರು, ಒಣಹಾಕಿದ ಬಟ್ಟೆ ತಂತಿಯ ಮೇಲೆಯೇ ಉಳಿಯಿತು. ಎರಡನೆಯ ತಿಂಗಳ ಕೊನೆಗೆ ನೀರಿನ ತೊಟ್ಟಿಯ ಮೇಲೆ ಅಪರಿಚಿತ ಗಡವ ಒಂದು ಕುಳಿತಿತ್ತು, ಅದರ ಎಡಗಿವಿಯ ತುದಿ ಹರಿದಿತ್ತು. ನಾಲ್ಕನೆಯ ತಿಂಗಳಿಗೆ ಹಿಂಡೇ ಬಂತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಕೋತಿಗಳಲ್ಲಿ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಕೊನೆಯವರೆಗೂ ಉಳಿಯುತ್ತವೆ, ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಬೇರೆ ಹಿಂಡು ಹುಡುಕಿ ಹೊರಡುತ್ತವೆ. ಹಿಂಡಿಗೊಂದು ಸರಹದ್ದಿರುತ್ತದೆ, ಪಕ್ಕದ ಹಿಂಡು ಅದನ್ನು ಗಮನಿಸುತ್ತಲೇ ಇರುತ್ತದೆ. ಸರಹದ್ದು ಕಾಯುವವರನ್ನು ನಾವೇ ಎತ್ತಿಕೊಂಡು ಹೋದರೆ ಪಕ್ಕದವರು ಒಳಗೆ ಬರದೆ ಇರುತ್ತಾರೆಯೇ? ಅನ್ನ ಇದ್ದ ಜಾಗ ಹಾಗೆಯೇ ಇತ್ತು. ಕಾಡಿನಲ್ಲಿ ದಿನದ ಬಹುಪಾಲು ಅಲೆದರೆ ತುಂಬುವ ಹೊಟ್ಟೆ ನಮ್ಮ ಕಸದ ತೊಟ್ಟಿಯ ಬಳಿ ಕಾಲು ಗಂಟೆಯಲ್ಲಿ ತುಂಬುತ್ತದೆ. ಗರ್ಭ ಐದೂವರೆ ತಿಂಗಳು. ತಿನ್ನಲು ಧಾರಾಳವಾಗಿದ್ದರೆ ವರ್ಷಕ್ಕೊಂದು ಮರಿ.

ಗುತ್ತಿಗೆಯಲ್ಲೂ ಒಂದು ಹುಳುಕಿತ್ತು. ಹಿಡಿದ ತಲೆಗೆ ಇಷ್ಟು ಎಂದು ಲೆಕ್ಕ. ತಲೆ ಎಣಿಸಿ ಹಣ ಕೊಟ್ಟರೆ ತಲೆ ಸಿಗುತ್ತದೆ, ನೆಮ್ಮದಿ ಸಿಗಬೇಕೆಂದೇನೂ ಇಲ್ಲ. ಹಾಗೆಂದು ಹಿಡಿಯುವವರನ್ನು ನಾನು ದೂರಲಾರೆ. ಅವರಿಗೆ ನಾವು ಹೇಳಿದ್ದು ಅಷ್ಟೇ, ಅವರು ಅಷ್ಟನ್ನು ಮಾಡಿದರು.

ಕೊಲ್ಲುವ ಮಾತನ್ನು ಆಡಿದವರನ್ನು ಕ್ರೂರಿಗಳು ಎಂದು ಕರೆಯಲು ನನಗೆ ಮನಸ್ಸು ಬಾರದು. ಬೆಳೆ ಕಳೆದುಕೊಂಡವರ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರ ಸಿಟ್ಟು ಅದು. ಆದರೆ ಆ ದಾರಿಯೂ ಎಲ್ಲಿಗೂ ಮುಟ್ಟುತ್ತಿಲ್ಲ. ಶಿಮ್ಲಾ ನಗರದ ಮಿತಿಯಲ್ಲಿ ಕೋತಿಗಳನ್ನು 2016ರಲ್ಲಿ ಕೇಂದ್ರ ಸರ್ಕಾರ ಉಪದ್ರವಕಾರಿ ಎಂದು ಸಾರಿ, ಕೊಲ್ಲಲು ಕಾನೂನಿನ ಅಡ್ಡಿ ತೆಗೆದುಹಾಕಿತು. ಕೊಲ್ಲಲು ಮುಂದೆ ಬಂದವರು ವಿರಳ. ಬೇಕು ಎಂದು ಕೂಗುವ ಬಾಯಿ ಮತ್ತು ಕೋವಿಯ ಕುದುರೆ ಎಳೆಯುವ ಬೆರಳು ಒಂದೇ ದೇಹದಲ್ಲಿದ್ದರೂ ಅವುಗಳ ನಡುವೆ ಬಹಳ ದೂರವಿದೆ. ಹಿಮಾಚಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಸಂತಾನ ತಡೆಯುವ ಕೆಲಸವೂ ಹದಿನೈದು ವರ್ಷಕ್ಕೂ ಮೀರಿ ನಡೆದಿದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಆಗಿದೆ. ಅದು ಬೇಕಾದ ಕೆಲಸವೇ. ಆದರೆ ಕೋತಿ ಇಪ್ಪತ್ತು ವರ್ಷ ಬದುಕುವ ಪ್ರಾಣಿ. ಇಂದು ಶಸ್ತ್ರಚಿಕಿತ್ಸೆಯಾದ ಕೋತಿ ನಾಳೆಯೂ ಅದೇ ಅಡುಗೆಮನೆಗೆ ಬರುತ್ತದೆ. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಸದಸ್ಯರಿಗೆ ಇಷ್ಟು ನಿಧಾನದ ಫಲ ತೋರಿಸಿ ಮತ ಕೇಳುವುದು ಕಷ್ಟ.

ಕೊಲ್ಲುವುದರ ಲೆಕ್ಕವನ್ನು ಇಪ್ಪತ್ತೈದು ವರ್ಷ ಇಟ್ಟ ಒಂದು ನಗರವಿದೆ, ಸ್ವಿಟ್ಜರ್ಲೆಂಡಿನ ಬಾಸೆಲ್. ಅಲ್ಲಿನ ಪ್ರಾಣಿ ಪಾರಿವಾಳ. 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರು. ಊರಿನಲ್ಲಿದ್ದದ್ದು ಸುಮಾರು ಇಪ್ಪತ್ತು ಸಾವಿರ, ಕೊಂದ ಮೇಲೂ ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ಉಳಿಯಿತು. ಸತ್ತವುಗಳ ಪಾಲಿನ ಕಾಳು ಹುಟ್ಟುವವುಗಳಿಗೆ ಸಿಗುತ್ತಿತ್ತು, ಅಷ್ಟೇ. 1988ರಲ್ಲಿ ಡೇನಿಯಲ್ ಹಾಗ್-ವಾಕರ್ನಾಗೆಲ್ ಎಂಬ ಜೀವಶಾಸ್ತ್ರಜ್ಞರ ನೇತೃತ್ವದಲ್ಲಿ ಬೇರೆ ದಾರಿ ಹಿಡಿದರು. ಕಾಳು ಹಾಕುವುದು ಹಕ್ಕಿಗೆ ಮಾಡುವ ಉಪಕಾರವಲ್ಲ, ಕಿಕ್ಕಿರಿದು ರೋಗದಿಂದ ನರಳುವ ಬಾಳನ್ನು ಅದಕ್ಕೆ ಕೊಡುವುದು ಎಂದು ಜನರಿಗೆ ಭಿತ್ತಿಪತ್ರಗಳ ಮೂಲಕ, ಮಾತಿನ ಮೂಲಕ ತಿಳಿಹೇಳಿದರು. ಪಾರಿವಾಳಗಳಿಗೆಂದೇ ಗೂಡುಮನೆಗಳನ್ನು ಮಾಡಿ ಅಲ್ಲಿನ ಮೊಟ್ಟೆಗಳನ್ನು ತೆಗೆದರು. ಸುಮಾರು ನಾಲ್ಕು ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಕೋವಿ ಕಾಲು ಶತಮಾನದಲ್ಲಿ ಮಾಡದ್ದನ್ನು ಕಾಳಿನ ಚೀಲ ಮುಚ್ಚಿ ಮಾಡಿದರು.

ಕರಡಿಗಳ ವಿಷಯದಲ್ಲಿ ಇದನ್ನೇ ಇನ್ನೂ ಕಟ್ಟುನಿಟ್ಟಾಗಿ ಅಳೆದದ್ದು ಅಮೆರಿಕದ ಕೊಲೊರಾಡೊದ ಡುರಾಂಗೊ ಪಟ್ಟಣದಲ್ಲಿ. ಕರಡಿ ತೆರೆಯಲಾಗದ ಮುಚ್ಚಳವಿರುವ 1,110 ಕಸದ ತೊಟ್ಟಿಗಳನ್ನು ಕೆಲವು ಬೀದಿಗಳಿಗೆ ಕೊಟ್ಟು, ಕೆಲವು ಬೀದಿಗಳನ್ನು ಹಳೆಯ ತೊಟ್ಟಿಗಳೊಂದಿಗೇ ಬಿಟ್ಟು ಹೋಲಿಸಿ ನೋಡಿದರು. ಹೊಸ ತೊಟ್ಟಿಯ ಬೀದಿಗಳಲ್ಲಿ ಕಸಕ್ಕೆ ಕರಡಿ ಬರುವುದು ಶೇಕಡಾ 60ರಷ್ಟು ಕಡಿಮೆಯಾಗಿತ್ತು. ತೊಟ್ಟಿ ಕೊಟ್ಟರೆ ಸಾಲದು, ಜನ ಅದರ ಚಿಲಕ ಹಾಕಬೇಕು ಎಂಬುದನ್ನೂ ಅವರು ಬರೆದಿದ್ದಾರೆ. ಹಾಂಕಾಂಗ್ ಕಾಡುಹಂದಿಗಳೊಂದಿಗೆ ಮೂರೂ ದಾರಿ ತುಳಿಯಿತು. 2017ರಿಂದ ಸೆರೆಹಿಡಿದು ಸಂತಾನ ತಡೆದು ದೂರ ಬಿಡುವುದು, 2021ರ ನವೆಂಬರಿನಲ್ಲಿ ಪೊಲೀಸರೊಬ್ಬರಿಗೆ ಹಂದಿ ಕಚ್ಚಿದ ಮೇಲೆ ಹಿಡಿದು ಕೊಲ್ಲುವುದು, 2024ರ ಆಗಸ್ಟಿನಿಂದ ಕಾಡುಪ್ರಾಣಿಗೆ ತಿನ್ನಿಸುವವರಿಗೆ ಒಂದು ಲಕ್ಷ ಹಾಂಕಾಂಗ್ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆ. ಹಂದಿಯಿಂದ ಶುರುವಾದ ಕಾನೂನು ಮನುಷ್ಯನ ಕೈಗೆ ಬಂದು ತಲುಪಿತು.

ಆ ಕೈಗಳಲ್ಲಿ ಒಂದನ್ನು ನಾನು ಬಲ್ಲೆ. ನಮ್ಮ ಬೀದಿಯ ತುದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬೆಳಗ್ಗೆ ಏಳಕ್ಕೆ ತಾರಸಿಗೆ ಹೋಗಿ ಹಣ್ಣು ಹೋಳು ಮಾಡಿ ಇಡುತ್ತಿದ್ದರು. ಸಭೆಯಲ್ಲಿ ಅವರ ಹೆಸರು ಹಿಡಿದು ಬೈದವರಿದ್ದರು. ನಾನು ಅವರ ಮನೆಗೆ ಹೋದೆ, ಓದಿದ್ದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, ‘ಇವಳು ಹೋದ ಮೇಲೆ ಈ ಮನೆಗೆ ನನ್ನನ್ನು ಹುಡುಕಿಕೊಂಡು ಸಮಯಕ್ಕೆ ಸರಿಯಾಗಿ ಬರುವವರು ಅವು ಮಾತ್ರ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದಂಡದ ಕಾನೂನಿನಲ್ಲೂ ಇದಕ್ಕೆ ಉತ್ತರವಿಲ್ಲ. ಆದರೂ ಹೇಳಲೇಬೇಕಾದದ್ದನ್ನು ಹೇಳಿದೆ: ‘ಮೇಷ್ಟ್ರೇ, ನಿಮ್ಮ ಕೈಯಿಂದ ತಿಂದದ್ದು ಆ ಮಗುವಿನ ಕೈಯಲ್ಲೂ ತನ್ನ ಪಾಲಿದೆ ಎಂದುಕೊಳ್ಳುತ್ತದೆ. ಆಮೇಲೆ ಬೋನಿಗೆ ಹೋಗುವುದು ಅದೇ.’ ಅವರು ಬೋನಿನ ದಿನ ಮನೆಯೊಳಗೇ ಇದ್ದರಂತೆ, ಕಿಟಕಿ ಮುಚ್ಚಿಕೊಂಡು. ಹದಿನಾಲ್ಕು ಎಂದಾಗ, ‘ಮರಿ ಇದ್ದದ್ದೂ ಹೋಯಿತೇ?’ ಎಂದು ಕೇಳಿದರು. ಹೋಯಿತು ಎಂದೆ. ಈಗ ಬೆಳಗ್ಗೆ ಏಳಕ್ಕೆ ನಾನು ಅವರ ಮನೆಗೆ ಹೋಗುತ್ತೇನೆ. ಇಬ್ಬರೂ ಅರ್ಧ ಗಂಟೆ ನಡೆಯುತ್ತೇವೆ. ಕೋತಿಗಳ ಸಮಸ್ಯೆಗೆ ಇದೂ ಒಂದು ಪರಿಹಾರ ಎಂದು ಯಾವ ಟೆಂಡರಿನಲ್ಲೂ ಬರೆಯಲಾಗದು, ಆದರೆ ತಾರಸಿಯ ಮೇಲೆ ಹಣ್ಣು ಬೀಳುವುದು ನಿಂತಿದೆ.

ಹೊಸ ಹಿಂಡು ಬಂದ ಮೇಲೆ ಮತ್ತೆ ಸಭೆ ಸೇರಿತು. ಮತ್ತೆ ಅದೇ ಮಾತು, ಅದೇ ಸಾಲು. ಕಾರ್ಯದರ್ಶಿಗಳು ಹಳೆಯ ನಡಾವಳಿ ತೆರೆದು ಅದನ್ನೇ ಓದಿ ಹೇಳತೊಡಗಿದರು. ‘ಸೂಕ್ತ ಸ್ಥಳ’ ಎಂಬಲ್ಲಿಗೆ ಬಂದಾಗ ನಾನು ಎದ್ದು, ಈ ಸಲ ಅಲ್ಲಿ ಸ್ಥಳದ ಹೆಸರನ್ನೇ ಬರೆಯೋಣ ಎಂದು ಕೇಳಿಕೊಂಡೆ. ‘ಆಗಲಿ, ಹೆಸರು ಹೇಳಿ, ಬರೆದುಕೊಳ್ಳುತ್ತೇನೆ’ ಎಂದರು ಅವರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಒಬ್ಬ ಸದಸ್ಯರು ಒಂದು ಊರಿನ ಹೆಸರು ಹೇಳಿದರು, ರಸ್ತೆ ಕೊನೆಯಾಗುವ ಆ ಊರು. ಪೌರಕಾರ್ಮಿಕರ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬರು ತಲೆ ಎತ್ತಿದರು. ‘ಅದು ನನ್ನ ತವರು. ಅಲ್ಲಿ ಆಗಲೇ ಬಿಟ್ಟಿದ್ದೀರಿ’ ಎಂದರು. ಜೋರಾಗಿ ಹೇಳಲಿಲ್ಲ. ಇನ್ನೊಬ್ಬರು ಬೇರೆ ಊರು ಹೇಳಿದರು. ಅಲ್ಲಿ ಶಾಲೆಯಿದೆ, ತಮ್ಮ ತಂಗಿ ಅಲ್ಲಿಯ ಶಿಕ್ಷಕಿ ಎಂದು ಮತ್ತೊಬ್ಬರು ಹೇಳಿದರು. ಹೀಗೆ ಐದು ಹೆಸರು ಬಂದವು. ಹೆಸರಿಟ್ಟು ನೋಡಿದರೆ ಯಾವ ಊರೂ ಖಾಲಿ ಇರಲಿಲ್ಲ.

ಅಂದು ಮೊದಲ ಬಾರಿಗೆ ನಮ್ಮ ಸಭೆ ಕಸದ ಬಗ್ಗೆ ಎರಡು ಗಂಟೆ ಮಾತನಾಡಿತು. ತಾಯಿ ಮಗಳಿಬ್ಬರೂ ಬಂದಿದ್ದರು. ತೊಟ್ಟಿಗಳಿಗೆ ಕೊಂಡಿಯಿರುವ ಮುಚ್ಚಳ, ಕತ್ತಲಾಗುವ ಮುನ್ನ ಕಸ ಎತ್ತುವುದು, ಖಾಲಿ ನಿವೇಶನಗಳಲ್ಲಿ ಕಸ ಸುರಿದರೆ ನಿವೇಶನದ ಮಾಲೀಕರಿಗೂ ನೋಟಿಸು. ತಿನ್ನಿಸುವವರಿಗೆ ಮೊದಲು ಮನೆಗೆ ಹೋಗಿ ತಿಳಿಹೇಳುವುದು, ಆಮೇಲೆ ದಂಡ. ಮನುಷ್ಯರ ಮೇಲೆ ಮತ್ತೆ ಮತ್ತೆ ಎರಗುವ ಒಂದೆರಡು ಪ್ರಾಣಿಗಳ ವಿಷಯವನ್ನು ಪಶುವೈದ್ಯರು ಮತ್ತು ಅರಣ್ಯ ಇಲಾಖೆಯವರು ಜೊತೆಯಾಗಿ ತೀರ್ಮಾನಿಸುವುದು. ಈ ಕೊನೆಯ ಮಾತು ನನಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಆದರೆ ಆ ಹುಡುಗಿಯ ತೋಳು ನನ್ನ ಎದುರಿಗೇ ಇತ್ತು, ಒಪ್ಪಿದೆ.

ಮುಚ್ಚಳಗಳು ಮೂರು ತಿಂಗಳು ತಡವಾಗಿ ಬಂದವು. ಮೊದಲ ಕಂತಿನ ಕೊಂಡಿಗಳು ಸಡಿಲವಾಗಿದ್ದವು. ಬೆಳಗ್ಗೆ ಮೇಷ್ಟ್ರೂ ನಾನೂ ನಡೆದು ಹೋಗುವಾಗ ಹರಿದ ಕಿವಿಯ ಗಡವ ಅದರ ಮೇಲೆ ಕುಳಿತು, ಬೆರಳು ತೂರಿಸಿ ಎಳೆದು ತೆರೆಯುವುದನ್ನು ನಿಂತು ನೋಡಿದೆವು. ನಗರಸಭೆಗೆ ಬರೆದೆವು, ಕೊಂಡಿ ಬದಲಾಯಿತು. ಈಗ ಅದು ಮುಚ್ಚಳದ ಮೇಲೆ ಕುಳಿತು ಎರಡು ಮೂರು ಸಲ ಎಳೆದು ನೋಡುತ್ತದೆ, ಆಮೇಲೆ ಮುಂದಿನ ತೊಟ್ಟಿಗೆ ಹೋಗುತ್ತದೆ. ನಮ್ಮ ಬೀದಿಯ ಹನ್ನೊಂದು ತೊಟ್ಟಿಗಳಲ್ಲಿ ನಿನ್ನೆ ಎರಡಕ್ಕೆ ಕೊಂಡಿ ಹಾಕಿರಲಿಲ್ಲ. ಮೇಷ್ಟ್ರು ಅವನ್ನು ಒತ್ತಿ ಮುಚ್ಚಿದರು.